ಹೆಸರು ಬದಲಿಸಿದರೆ ನೌಕರನು ಗುತ್ತಿಗೆದಾರನಾಗುವನೇ?



ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ತಮ್ಮ ಮನೆಯಲ್ಲೇ ಕುಳಿತು ಅಮೆರಿಕ, ಯೂರೋಪುಗಳ ಕಂಪನಿಗಳಿಗೆ ದುಡಿಯುವ ತರುಣ ತರುಣಿಯರನ್ನು 2020ರ ಕೊರೋನಾ ಕಾಲದಿಂದೀಚೆಗೆ ಎಲ್ಲೆಡೆ ಕಾಣುತ್ತಿದ್ದೇವೆ. ನನ್ನ ತರಗತಿಯಲ್ಲಿ ಕುಳಿತಿದ್ದವರೂ ಅವರಲ್ಲಿದ್ದಾರೆ. ಊರು ಬಿಡದೆ, ತಂದೆ ತಾಯಿಯರನ್ನು ಅಗಲದೆ ಒಳ್ಳೆಯ ಸಂಪಾದನೆ ಮಾಡುವುದು ಸಂತೋಷದ ಸಂಗತಿಯೇ. ಆದರೆ ಇವರಲ್ಲಿ ಹಲವರ ಕೈಯಲ್ಲಿರುವುದು ನೇಮಕಾತಿ ಪತ್ರವಲ್ಲ, ‘ಇಂಡಿಪೆಂಡೆಂಟ್ ಕಾಂಟ್ರಾಕ್ಟರ್’, ಅಂದರೆ ಸ್ವತಂತ್ರ ಗುತ್ತಿಗೆದಾರ, ಎಂಬ ಹೆಸರಿನ ಕರಾರು. ಈ ಹೆಸರಿನ ಮರೆಯಲ್ಲಿ ನಡೆಯುತ್ತಿರುವುದು ಬಹುಪಾಲು ವಂಚನೆ ಎಂಬುದೇ ನನ್ನ ವಾದ.

ಗುತ್ತಿಗೆದಾರನೆಂದರೆ ಯಾರು? ನಮ್ಮ ಮನೆಗೆ ಸುಣ್ಣ ಬಳಿಯಲು ಒಪ್ಪಿಕೊಂಡವನು ತನ್ನ ಏಣಿಯನ್ನು ತಾನೇ ತರುತ್ತಾನೆ. ತಾನು ಬರಲಾಗದ ದಿನ ತಮ್ಮನನ್ನು ಕಳುಹಿಸುತ್ತಾನೆ. ನಮ್ಮ ಕೆಲಸದ ಜೊತೆಗೇ ಪಕ್ಕದ ಬೀದಿಯ ಕೆಲಸವನ್ನೂ ಹಿಡಿದಿರುತ್ತಾನೆ. ಅವನು ಗುತ್ತಿಗೆದಾರ. ಕಂಪನಿ ಕೊಟ್ಟ ಲ್ಯಾಪ್‌ಟಾಪಿನಲ್ಲಿ, ಕಂಪನಿ ಹೇಳಿದ ಹೊತ್ತಿಗೆ ಹಾಜರಾಗಿ, ರಜೆಗೆ ಮೇಲಧಿಕಾರಿಯ ಅಪ್ಪಣೆ ಬೇಡಿ, ಬೇರೆಯವರಿಗೆ ದುಡಿಯುವುದಿಲ್ಲವೆಂದು ಬರೆದುಕೊಟ್ಟು, ತಿಂಗಳಿಗೊಮ್ಮೆ ಒಂದೇ ಮೊತ್ತ ಪಡೆಯುವವನು ನೌಕರ. ಆ ಮೊತ್ತಕ್ಕೆ ಸಂಬಳವೆನ್ನದೆ ‘ಇನ್‌ವಾಯ್ಸ್’ ಎಂದ ಮಾತ್ರಕ್ಕೆ ವಸ್ತುಸ್ಥಿತಿ ಬದಲಾಗದು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲವೆಂಬ ಗಾದೆ ಈ ‘ಸ್ವತಂತ್ರ’ರಿಗೆ ಚೆನ್ನಾಗಿ ಒಪ್ಪುತ್ತದೆ.

ಇದು ಹೊಸ ಪ್ರಶ್ನೆಯೂ ಅಲ್ಲ. ಸೌರಾಷ್ಟ್ರದಲ್ಲಿ ಉಪ್ಪು ತೆಗೆಯುತ್ತಿದ್ದ ಅಗರಿಯರಿಗೆ ಉಪ್ಪಿನ ತೂಕದ ಲೆಕ್ಕದಲ್ಲಿ ಹಣ ಸಿಗುತ್ತಿತ್ತು. ಅವರು ಕಾರ್ಮಿಕರಲ್ಲ, ಗುತ್ತಿಗೆದಾರರು ಎಂಬುದು ಕಂಪನಿಯ ವಾದವಾಗಿತ್ತು. 1956ರಲ್ಲಿ, ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಅವರನ್ನು ಕಾರ್ಮಿಕರೆಂದೇ ಎಣಿಸಿತು; ಕೆಲಸದ ಮೇಲೆ ಯಾರ ಹಿಡಿತವಿದೆ ಎಂಬುದನ್ನು ನೋಡಿತು. 1973ರಲ್ಲಿ, ಸಿಲ್ವರ್ ಜ್ಯೂಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲಿ, ಹೊಲಿದ ಬಟ್ಟೆಯ ಲೆಕ್ಕದಲ್ಲಿ ಕೂಲಿ ಪಡೆಯುತ್ತಿದ್ದ, ನಿಗದಿತ ವೇಳೆಯಿಲ್ಲದ ದರ್ಜಿಗಳನ್ನೂ ಅಂಗಡಿಯ ನೌಕರರೆಂದೇ ತೀರ್ಮಾನಿಸಿತು. ಉಪ್ಪಿನ ಗದ್ದೆಯಲ್ಲಿ, ಹೊಲಿಗೆ ಯಂತ್ರದ ಮುಂದೆ ಸಲ್ಲುವ ನ್ಯಾಯವು ಲ್ಯಾಪ್‌ಟಾಪಿನ ಮುಂದೆ ಏಕೆ ಸಲ್ಲಬಾರದು?

ಕಳೆದುಹೋಗುವುದೇನೆಂದು ಲೆಕ್ಕ ಹಾಕೋಣ. 20 ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ಭವಿಷ್ಯನಿಧಿಗೆ ನೌಕರನು ಶೇಕಡ 12ರಷ್ಟು ಕಟ್ಟಿದರೆ ಮಾಲೀಕನೂ ಅಷ್ಟೇ ಕಟ್ಟಬೇಕು. ಚಂದಾದಾರನು ಸೇವೆಯಲ್ಲಿರುವಾಗ ತೀರಿಕೊಂಡರೆ ಕುಟುಂಬಕ್ಕೆ 7 ಲಕ್ಷ ರೂಪಾಯಿಯವರೆಗೆ ವಿಮೆ ದೊರೆಯುತ್ತದೆ. ಐದು ವರ್ಷ ದುಡಿದವನಿಗೆ ಗ್ರಾಚ್ಯುಟಿಯುಂಟು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ನಿಶ್ಚಿತ ಅವಧಿಗೆ ನೇಮಕವಾದವನಿಗೆ ಒಂದೇ ವರ್ಷಕ್ಕೆ ಆ ಹಕ್ಕು ಬರುತ್ತದೆ. ನೇಮಕಾತಿ ಪತ್ರ ಕೊಡುವುದೂ ಈಗ ಕಡ್ಡಾಯ. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದಂತೆ ಆರು ತಿಂಗಳು ಸತತ ದುಡಿದವನನ್ನು ಸಕಾರಣವಿಲ್ಲದೆ, ಒಂದು ತಿಂಗಳ ಮುನ್ಸೂಚನೆ ಅಥವಾ ಅದರ ಸಂಬಳವಿಲ್ಲದೆ ತೆಗೆಯುವಂತಿಲ್ಲ. ‘ಗುತ್ತಿಗೆದಾರ’ನೆಂಬ ಒಂದು ಪದದಿಂದ ಇವೆಲ್ಲವೂ ಕೈತಪ್ಪುತ್ತವೆ.

ನನ್ನ ಶಿಷ್ಯೆಯೊಬ್ಬಳು ಹೀಗೆಯೇ ನಾಲ್ಕು ವರ್ಷ ಒಂದೇ ವಿದೇಶಿ ಕಂಪನಿಗೆ ದುಡಿದಳು. ಆ ಕಂಪನಿಗೆ ನಮ್ಮ ದೇಶದಲ್ಲೇ ನಲವತ್ತು ಮಂದಿ ಅದೇ ರೀತಿಯ ‘ಗುತ್ತಿಗೆದಾರರು’ ಇದ್ದರು. ತಾನು ಗರ್ಭಿಣಿಯೆಂದು ತಿಳಿಸಿದಾಗ ಬಂದ ಉತ್ತರ, ಬಿಡುವು ತೆಗೆದುಕೊಳ್ಳಿ, ಆ ತಿಂಗಳುಗಳಿಗೆ ಬಿಲ್ಲು ಕಳುಹಿಸಬೇಡಿ ಎಂಬುದು. ಹತ್ತು ಜನರಿರುವ ಸಂಸ್ಥೆಯಲ್ಲೂ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳಸಹಿತ ರಜೆ 2017ರಿಂದ ನಮ್ಮ ಕಾನೂನಿನಲ್ಲಿದೆ. ಅವಳಿಗೆ ಒಂದು ವಾರವೂ ಸಿಗಲಿಲ್ಲ. ಕರಾರಿನ ಕೊನೆಯ ಪುಟದಲ್ಲಿ, ವ್ಯಾಜ್ಯವೇನಿದ್ದರೂ ಅಮೆರಿಕದ ಡೆಲಾವೇರ್ ರಾಜ್ಯದ ಕಾನೂನಿನಂತೆ ತೀರ್ಮಾನವಾಗತಕ್ಕದ್ದು ಎಂದಿತ್ತು. ಬಾಣಂತಿಯೊಬ್ಬಳು ಡೆಲಾವೇರಿಗೆ ಹೋಗಿ ಮೊಕದ್ದಮೆ ಹೂಡಬೇಕೇ?

ಗಾಳಿ ಬಂದಾಗ ತೂರಿಕೊಳ್ಳಬೇಕು, ಕೈಗೆ ಹೆಚ್ಚು ಹಣ ಬರುವಾಗ ಭವಿಷ್ಯನಿಧಿಯ ಚಿಂತೆಯೇಕೆ ಎನ್ನುವವರಿದ್ದಾರೆ. ನಿಜವಾಗಿಯೂ ಹತ್ತು ಕಡೆ ಕೆಲಸ ಹಿಡಿಯುವ ಸ್ವತಂತ್ರ ವೃತ್ತಿಪರನ ಮಟ್ಟಿಗೆ ಈ ಮಾತು ಸರಿ. ಅವನು ತನ್ನ ದರವನ್ನು ತಾನೇ ಹೇಳುತ್ತಾನೆ. ಒಬ್ಬನೇ ಯಜಮಾನನನ್ನು ನಂಬಿದವನಿಗೆ ಆ ಬಲವಿಲ್ಲ. ವಿಮೆ, ನಿವೃತ್ತಿಯ ಉಳಿತಾಯ, ರಜೆ, ಆಡಿಟರ ಶುಲ್ಕ, ಕೆಲಸ ಹೋದಾಗಿನ ಬರಿಗೈ ತಿಂಗಳುಗಳು, ಇವನ್ನೆಲ್ಲ ಕಳೆದ ಮೇಲೆ ಉಳಿಯುವುದೆಷ್ಟೆಂದು ಕಾಗದದ ಮೇಲೆ ಬರೆದು ನೋಡಿ.

ಕಾನೂನಿನ ಮಾತೆತ್ತಿದರೆ ಕಂಪನಿಗಳು ಬೇರೆ ದೇಶಕ್ಕೆ ಹೋದಾವು ಎಂಬುದು ಇನ್ನೊಂದು ಬೆದರಿಕೆ. ಎಲ್ಲಿಗೆ ಹೋದಾವು? ಫಿಲಿಪೀನ್ಸಿನಲ್ಲಿ ವರ್ಷಕ್ಕೆ ಹದಿಮೂರನೆಯ ತಿಂಗಳ ಸಂಬಳ ಕೊಡಬೇಕೆಂಬ ಕಟ್ಟಳೆ 1975ರಿಂದ ಇದೆ. ಬ್ರೆಜಿಲಿನಲ್ಲಿ ಅಂಥದೇ ನಿಯಮ 1962ರಷ್ಟು ಹಳೆಯದು. ಜರ್ಮನಿಯಲ್ಲಿ ವರ್ಷಕ್ಕೆ ಕನಿಷ್ಠ ನಾಲ್ಕು ವಾರ ಸಂಬಳದ ರಜೆ. ಕ್ಯಾಲಿಫೋರ್ನಿಯಾದಲ್ಲಿಯೇ, ದುಡಿಯುವವನು ನೌಕರನಲ್ಲವೆಂದು ಸಾಧಿಸುವ ಹೊಣೆಯನ್ನು ಮಾಲೀಕನ ಮೇಲೆ ಹೊರಿಸುವ ಕಾನೂನು 2020ರ ಜನವರಿಯಿಂದ ಜಾರಿಯಲ್ಲಿದೆ. ತಮ್ಮೂರಿನಲ್ಲಿ ಅಂಜಿ ನಡೆಯುವವರು ನಮ್ಮೂರಿನಲ್ಲಿ ಅಂಜದಿರುವುದಕ್ಕೆ ಕಾರಣ ನಮ್ಮ ಕಾನೂನಿನ ಕೊರತೆಯಲ್ಲ, ನಾವು ಕೇಳದಿರುವುದು.

ಸರಿಯಾದ ದಾರಿಗಳೂ ಇವೆ. ಕಂಪನಿ ಇಲ್ಲಿಯೇ ಅಂಗಸಂಸ್ಥೆಯನ್ನು ನೋಂದಾಯಿಸಬಹುದು. ಅಷ್ಟು ದೊಡ್ಡದಲ್ಲದಿದ್ದರೆ ‘ಎಂಪ್ಲಾಯರ್ ಆಫ್ ರೆಕಾರ್ಡ್’ ಎಂಬ ಏರ್ಪಾಡಿದೆ: ಇಲ್ಲಿನ ಸಂಸ್ಥೆಯೊಂದು ಕಾಗದದಲ್ಲಿ ಮಾಲೀಕನಾಗಿ ನೇಮಕ ಮಾಡಿ, ಆದಾಯ ತೆರಿಗೆ, ವೃತ್ತಿ ತೆರಿಗೆ, ಭವಿಷ್ಯನಿಧಿಗಳನ್ನು ತಿಂಗಳು ತಿಂಗಳು ಕಡಿದು ಕಟ್ಟಿ, ಸಂಬಳದ ಚೀಟಿ ಕೊಡುತ್ತದೆ, ವಿದೇಶಿ ಕಂಪನಿ ಅದಕ್ಕೆ ಶುಲ್ಕ ತೆರುತ್ತದೆ. ಖರ್ಚು ಹೆಚ್ಚುವುದು ನಿಜ. ಆದರೆ ಆ ಖರ್ಚು ದುಡಿಸಿಕೊಳ್ಳುವವನದೇ ಆಗಿತ್ತು. ಇಷ್ಟು ದಿನ ಅದನ್ನು ದುಡಿಯುವವನ ಹೆಗಲಿಗೆ ಹಾಕಲಾಗಿತ್ತು, ಅಷ್ಟೆ.

ಇದು ಪರದೇಶದವರದೇ ಪಾಪವೆಂದು ನಾನು ಹೇಳಲಾರೆ. ನಮ್ಮ ಸರ್ಕಾರಿ ಶಾಲೆಗಳಲ್ಲೇ ‘ಅತಿಥಿ ಶಿಕ್ಷಕ’ರಿದ್ದಾರೆ. ಇಡೀ ವರ್ಷ ಪಾಠ ಮಾಡಿ, ಉತ್ತರ ಪತ್ರಿಕೆ ತಿದ್ದಿ, ಸಂಬಳದ ಬದಲು ಗೌರವಧನ ಪಡೆಯುವ ಈ ಅತಿಥಿಗಳನ್ನು ನೋಡಿದವನಿಗೆ ಹೆಸರಿನ ಆಟ ಹೊಸದಲ್ಲ. ಒಂದನ್ನು ಖಂಡಿಸುವವನು ಇನ್ನೊಂದನ್ನೂ ಖಂಡಿಸಬೇಕು.

ಕೊನೆಯ ಮಾತು ಇಬ್ಬರಿಗೆ. ಕೆಲಸ ಹುಡುಕುತ್ತಿರುವ ಮಕ್ಕಳೇ, ಸಹಿ ಹಾಕುವ ಮೊದಲು ಕರಾರನ್ನು ಕೊನೆಯ ಪುಟದವರೆಗೆ ಓದಿ. ನನ್ನನ್ನು ನೌಕರನಾಗಿ ನೇಮಿಸಿಕೊಳ್ಳಲು ಏನು ಅಡ್ಡಿ ಎಂದು ಕೇಳಿ, ಬರಹದಲ್ಲಿ ಕೇಳಿ. ಇನ್ನು, ವಿದೇಶದಲ್ಲಿ ನೆಲೆಸಿ ಈಗ ಇತರರನ್ನು ನೇಮಿಸುವ ಸ್ಥಾನದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳೇ, ಈ ಕರಾರುಗಳು ಎಷ್ಟೋ ಬಾರಿ ನಿಮ್ಮ ಮೇಜಿನಿಂದಲೇ ಹೊರಡುತ್ತವೆ. ನಿಮಗೆ ಅಲ್ಲಿ ರಜೆಯಿದೆ, ನಿವೃತ್ತಿನಿಧಿಯಿದೆ. ಹುಬ್ಬಳ್ಳಿಯಲ್ಲಿ ಕುಳಿತು ನಿಮಗಾಗಿ ದುಡಿಯುವ ಹುಡುಗನು ಹುಬ್ಬಳ್ಳಿಯಲ್ಲಿ ಸಲ್ಲುವ ಕಾನೂನಿಗೆ ಅರ್ಹನು. ಅದನ್ನು ಕೊಡಿಸುವ ಅಧಿಕಾರ ನಿಮ್ಮ ಕೈಯಲ್ಲಿದ್ದರೆ ಕೊಡಿಸಿ, ಇಲ್ಲದಿದ್ದರೆ ಅಧಿಕಾರವಿದ್ದವರ ಬಳಿ ಹೋಗಿ ವಾದಿಸಿ. ಏನಾಯಿತೆಂದು ನನಗೊಂದು ಸಾಲು ಬರೆಯಿರಿ.