ರಕ್ಷಕನ ಅತಿರೇಕ
1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ನರು ವೈರಸ್ಸಿನ ವೃದ್ಧಿಗೆ ಅಡ್ಡಿಯೊಡ್ಡುವ ದ್ರವ್ಯವೊಂದನ್ನು ಕಂಡು ಇಂಟರ್‌ಫೆರಾನ್ ಎಂದು ಹೆಸರಿಟ್ಟಾಗ, ಜೀವಕೋಶಗಳು ಪರಸ್ಪರ ಎಚ್ಚರಿಸಿಕೊಳ್ಳಲು ಹೊರಡಿಸುವ ಈ ಪ್ರೋಟೀನು ಮುಂದೆ ತಾನೇ ಆಪಾದಿತನ ಸ್ಥಾನದಲ್ಲಿ ನಿಲ್ಲುವುದೆಂದು ಯಾರೂ ಊಹಿಸಿರಲಾರರು. ಡರ್ಮಟೊಮಯೊಸೈಟಿಸ್ ಎಂಬ ವಿರಳ ವ್ಯಾಧಿಯಲ್ಲಿ ಕಣ್ಣುರೆಪ್ಪೆಗಳು ನಸುನೇರಿಳೆಗೆ ತಿರುಗಿ, ಬೆರಳ ಗೆಣ್ಣುಗಳ ಮೇಲೆ ಕೆಂಪು ದದ್ದುಗಳೆದ್ದು, ತಲೆ ಬಾಚಲು ತೋಳೆತ್ತಲಾರದೆ ರೋಗಿಯು ಬಳಲುತ್ತಿರುವಾಗ, ಸ್ನಾಯುವಿನ ತುಣುಕನ್ನು ಸೂಕ್ಷ್ಮದರ್ಶಕದಡಿಯಿಟ್ಟು ನೋಡಿದರೆ, ತಂತುಕಟ್ಟುಗಳ ಅಂಚಿನಲ್ಲಿರುವ ತಂತುಗಳೇ ವಿಶೇಷವಾಗಿ ಕ್ಷಯಿಸಿರುವುದೂ, ಇಂಟರ್‌ಫೆರಾನಿನ ಪ್ರೇರಣೆಯಿಂದ ಹುಟ್ಟುವ ಎಂಎಕ್ಸ್‌ಎ ಪ್ರೋಟೀನು ಅಲ್ಲಿಯೇ ತುಂಬಿರುವುದೂ ಅನೇಕ ವೇಳೆ ಕಾಣಬರುತ್ತದೆ. ಚಿಕಿತ್ಸೆಯಲ್ಲಿ ಸ್ಟೀರಾಯ್ಡುಗಳು ಇಡೀ ರಕ್ಷಣಾವ್ಯವಸ್ಥೆಯನ್ನೇ ಅಡಗಿಸಹೊರಟರೆ, ಜಾಕ್ ನಿರೋಧಕಗಳೆಂಬ ಔಷಧಗಳು ಇಂಟರ್‌ಫೆರಾನಿನಂತಹ ಸಂದೇಶಗಳು ಕೋಶದೊಳಕ್ಕೆ ಸಾಗುವ ಹಾದಿಯನ್ನು ತಡೆಯುತ್ತವೆ. ಈ ಎರಡನೆಯ ಉಪಾಯವೇ ಹೆಚ್ಚು ವಿವೇಕದ್ದೆಂದು ನನಗೆ ತೋರಿದರೂ, ವೈರಸ್ಸಿನ ವಿರುದ್ಧದ ಎಚ್ಚರಿಕೆಯೂ ಅದೇ ಹಾದಿ ಹಿಡಿಯುವುದರಿಂದ ಸರ್ಪಸುತ್ತು ತಲೆಯೆತ್ತುವ ಭಯವು ಉಳಿದೇ ಇದೆ.