ಆಮೆಯ ಪಾಠದಲ್ಲಿ ಅಪರಾಧಿ ಯಾರು?

ಕಡಲಾಮೆಯ ಅಳಿವು ಉಳಿವು ಈಗ ಶಾಲೆಯ ಪಾಠವಾಗಿದೆ. ಮಕ್ಕಳನ್ನು ತೀರಕ್ಕೆ ಕರೆದೊಯ್ದು ಆಮೆಮರಿಗಳನ್ನು ತೋರಿಸುತ್ತಾರೆ, ಚಿತ್ರ ಬರೆಸುತ್ತಾರೆ, ಪ್ರತಿಜ್ಞೆ ಮಾಡಿಸುತ್ತಾರೆ. ಸಂತೋಷ. ನಾವು ಇದಕ್ಕೆ ವಿರೋಧಿಗಳಲ್ಲ. ಆದರೆ ಪಾಠದ ಕೊನೆಗೆ ತಪ್ಪದೆ ಬರುವ ಒಂದು ಮಾತಿಗೆ ನಮ್ಮ ತಕರಾರಿದೆ. ಇದಕ್ಕೆಲ್ಲ ಮಾನವನ ದುರಾಸೆಯೇ ಕಾರಣವಂತೆ! ಯಾವ ಮಾನವ, ಸ್ವಾಮಿ? ಗಿರಣಿಯ ಹೊಗೆಗೆ ಧಣಿಯೂ ಕೂಲಿಯೂ ಸಮಾನ ಹೊಣೆಗಾರರೆಂದರೆ ನಮ್ಮ ಕಾರ್ಮಿಕ ಬಂಧುಗಳು ಒಪ್ಪುವರೆ?

ಆಮೆ ಸಾಯುವ ಬಗೆಯನ್ನೇ ನೋಡೋಣ. ನೀರಿನಲ್ಲಿ ಬಾಳಿದರೂ ಅದು ಉಸಿರಿಗಾಗಿ ಮೇಲಕ್ಕೆ ಬರಲೇಬೇಕು. ಟ್ರಾಲ್ ಬೋಟು ಗಂಟೆಗಟ್ಟಲೆ ತಳಬಲೆ ಎಳೆಯುವಾಗ ಒಳಗೆ ಸಿಕ್ಕ ಆಮೆ ಉಸಿರುಗಟ್ಟಿ ಸಾಯುತ್ತದೆ. 2025ರ ಜನವರಿಯಲ್ಲಿ ಮದರಾಸಿನ ಆಸುಪಾಸಿನ ಕರಾವಳಿಗೆ ಸಾವಿರಕ್ಕೂ ಮಿಕ್ಕಿ ಆಮೆಗಳು ಹೆಣವಾಗಿ ಬಂದು ಬಿದ್ದವು. ಇದಕ್ಕೆ ಮದ್ದಿಲ್ಲವೆ? ಇದೆ. ಬಲೆಯ ಕೊರಳಿಗೆ ಸರಳುಗಳ ಜಾಲರಿ ಕಟ್ಟಿ ಒಂದು ಕಿಂಡಿ ಬಿಟ್ಟರೆ ಸಿಗಡಿ ಒಳಕ್ಕೆ ಸಾಗುತ್ತದೆ, ಆಮೆ ಹೊರಕ್ಕೆ ಪಾರಾಗುತ್ತದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ಬೋಟುಗಳಿಗೆ ಹೊಂದುವ ಜಾಲರಿಯನ್ನು ಮಾಡಿಕೊಟ್ಟಿದೆ. ಕಿಂಡಿಯಲ್ಲಿ ಒಂದಿಷ್ಟು ಮೀನೂ ಹೋಗುತ್ತದೆಂದು ಬೋಟಿನ ಮಾಲೀಕರು ಅದನ್ನು ಕಟ್ಟಲೊಲ್ಲರು. ಈ ಜಾಲರಿಯಿಲ್ಲದ ಕಾರಣಕ್ಕೆ 2019ರಲ್ಲಿ ಅಮೆರಿಕ ನಮ್ಮ ಕಡಲ ಸಿಗಡಿಯನ್ನು ಬೇಡವೆಂದಿತು. ಆಮೆ ಸತ್ತಾಗ ಏಳದ ದಿಲ್ಲಿ ಡಾಲರು ನಿಂತಾಗ ಕಣ್ಣುಜ್ಜಿಕೊಂಡು ಎದ್ದು ಕುಳಿತಿತು! ಬೋಟಿನಲ್ಲಿ ಬಲೆ ಎಳೆಯುವ ಖಲಾಸಿ ಕೂಲಿಯವನು. ಜಾಲರಿ ಕಟ್ಟಬೇಕೋ ಬೇಡವೋ ಎಂದು ಅವನನ್ನು ಯಾರೂ ಕೇಳುವುದಿಲ್ಲ.

ಒಡಿಶಾದ ನ್ಯಾಯವನ್ನೂ ನೋಡಿರಿ. ಅಲ್ಲಿ ಲಕ್ಷಾಂತರ ಆಮೆಗಳು ಒಟ್ಟಾಗಿ ದಡವೇರಿ ಮೊಟ್ಟೆಯಿಡುತ್ತವೆ. ಅವುಗಳಿಗಾಗಿ ಧಾಮ್ರಾ, ದೇವಿ, ಋಷಿಕುಲ್ಯಾ ನದೀಮುಖಗಳಲ್ಲಿ 20 ಕಿಲೋಮೀಟರಿನವರೆಗೆ ನವೆಂಬರಿನಿಂದ ಮೇವರೆಗೆ ಏಳು ತಿಂಗಳು ಮೀನು ಹಿಡಿಯುವಂತಿಲ್ಲ. ಆಮೆ ಉಳಿಯಲಿ, ಸರಿ. ಆದರೆ ಏಳು ತಿಂಗಳು ಬೆಸ್ತನ ಒಲೆ ಉರಿಯುವುದು ಹೇಗೆ? ಅವನಿಂದ ಮೀನು ಕೊಂಡು ಮಾರುವ ಸಣ್ಣ ವ್ಯಾಪಾರಿಯ ಗತಿಯೇನು? ಬಡವನಿಗೆ ಇಷ್ಟು ಬಿಗಿಯಾದ ಕಾಯಿದೆ ದೊಡ್ಡ ಬಂಡವಾಳಕ್ಕೆ ಸಡಿಲ. ಗಹಿರ್ಮಾಥಾ ಕಡಲು 1997ರಲ್ಲಿ ರಕ್ಷಿತ ಧಾಮವಾಯಿತು. ಅಲ್ಲಿನ ಮೊಟ್ಟೆಯ ತೀರಗಳಿಂದ 15 ಕಿಲೋಮೀಟರಿನ ಆಸುಪಾಸಿನಲ್ಲೇ ಧಾಮ್ರಾದ ಭಾರಿ ಬಂದರು 2011ರಲ್ಲಿ ಕೆಲಸ ಆರಂಭಿಸಿತು. ದೋಣಿಯನ್ನು ತಡೆಯುವ ಸರ್ಕಾರಕ್ಕೆ ಹಡಗು ಕಾಣಲಿಲ್ಲ.

ದೂರದ ಮಾತೇಕೆ? ನಮ್ಮ ಹೊನ್ನಾವರದ ಕಾಸರಕೋಡು ಟೊಂಕದಲ್ಲೂ ಆಮೆ ಮೊಟ್ಟೆಯಿಡುತ್ತದೆ. ನಮ್ಮ ಕರಾವಳಿಯಲ್ಲಿ ಗೂಡು ಕಂಡು ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸುವವರಲ್ಲಿ ಮೀನುಗಾರರೇ ಮುಂದು. ಟೊಂಕದ ದಡದಲ್ಲಿ ಖಾಸಗಿ ಬಂದರು ಬೇಡವೆಂದು ಬೀದಿಗಿಳಿದವರೂ ಅವರೇ. ಆಮೆಯ ಕಾವಲುಗಾರನಿಗೆ ಪೊಲೀಸರ ಲಾಠಿ, ಆಮೆಯ ದಡ ಅಗೆಯುವವನಿಗೆ ಸರ್ಕಾರದ ಪರವಾನಗಿ! ಇದು ಯಾವ ಪುಸ್ತಕದ ಪರಿಸರ ಪಾಠ?

ಉಪಾಧ್ಯಾಯ ಮಿತ್ರರಲ್ಲಿ ನಾವು ಕೇಳುವುದಿಷ್ಟೆ. ದಡದ ದೀಪಗಳು ಮರಿಯ ದಾರಿ ತಪ್ಪಿಸುತ್ತವೆಂದು ಹೇಳಿರಿ. ಆ ದೀಪ ಯಾರ ಬಂದರಿನದು, ಯಾರ ವಿಲಾಸಗೃಹದ್ದು ಎಂಬುದನ್ನೂ ಹೇಳಿರಿ. ಬಲೆಯ ಚಿತ್ರ ಬರೆಸಿರಿ. ಜಾಲರಿಯ ಚಿತ್ರವನ್ನೂ ಬರೆಸಿರಿ. ಅದನ್ನು ಕಟ್ಟಿಸಲು ಸರ್ಕಾರವೇ ಹಣ ಕೊಡಲಿ, ಕಟ್ಟದ ಮಾಲೀಕನಿಗೆ ದಂಡ ಬೀಳಲಿ, ನಿಷೇಧದ ಏಳು ತಿಂಗಳೂ ಬೆಸ್ತನಿಗೆ ಜೀವನಭತ್ಯ ಸಿಗಲಿ. ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತ ಬೆಸ್ತರ ಹುಡುಗ ತನ್ನಪ್ಪನೇ ಪಾಪಿಯೆಂದು ತಲೆತಗ್ಗಿಸಿ ಮನೆಗೆ ಹೋಗುವ ಪಾಠ ನಮಗೆ ಬೇಡ. ಲೆಕ್ಕ ಕೇಳುವ ಮಕ್ಕಳು ಬೇಕು. ಅಂಥ ಮಕ್ಕಳು ಬೆಳೆದರೆ ಆಮೆಯೂ ಉಳಿದೀತು, ದುಡಿಯುವವನೂ ಉಳಿದಾನು.