ಹಾಡಿದ್ದನ್ನೇ ಹಾಡುವ ದಾಸರು

'ಹಾಡಿದ್ದೇ ಹಾಡೋ ಕಿಸಬಾಯಿ ದಾಸ' ಎಂಬ ಗಾದೆಯನ್ನು ಕಟ್ಟಿದ ಹಿರಿಯರಿಗೆ ಆ ದಾಸನ ಮೇಲೆ ಯಾವುದೋ ಹಳೆಯ ಸಿಟ್ಟು ಇದ್ದಿರಬೇಕು. ಹಾಡಿದ್ದನ್ನೇ ಹಾಡುವುದು ತಪ್ಪೆಂದಾದರೆ ಈ ನಾಡಿನಲ್ಲಿ ಬಾಯಿ ತೆರೆಯಲು ಯಾವ ಹಾಡುಗಾರನಿಗೂ ಅಧಿಕಾರವಿರುತ್ತಿರಲಿಲ್ಲ. ಪುರಂದರದಾಸರು ಕಾಲವಾಗಿ 450 ವರ್ಷಗಳು ಮಿಕ್ಕಿವೆ. ಲಕ್ಷ್ಮಿಯನ್ನು ಮನೆಗೆ ಕರೆಯುವ ಅವರ ಪದವನ್ನು ಶುಕ್ರವಾರದ ಸಂಜೆ ದೀಪ ಹಚ್ಚಿದ ಗೃಹಿಣಿಯೂ ಹಾಡುತ್ತಾಳೆ, ಭೀಮಸೇನ ಜೋಶಿಯವರೂ ಹಾಡಿದರು. ಈ ಇಬ್ಬರಲ್ಲಿ ಯಾರನ್ನೇ ಆಗಲಿ ಕಿಸಬಾಯಿ ಎಂದು ಕರೆಯುವ ಧೈರ್ಯ ನಮಗಿಲ್ಲ.

ಈ ಗಾದೆ ನೆನಪಾದುದಕ್ಕೆ ಪರದೇಶದ ಹಾಡುಗಾರನೊಬ್ಬನ ಆಲ್ಬಂ ಕಾರಣ. ಕಳೆದ ಮಳೆಗಾಲ ಸಿದ್ದಾಪುರದ ಸೀಮೆಯಲ್ಲಿ ಬಂಧುಗಳ ಮನೆಗೆ ಹೋಗಿದ್ದೆ. ಬೆಂಗಳೂರಿನಿಂದ ರಜೆಗೆ ಬಂದಿದ್ದ ಆ ಮನೆಯ ಹುಡುಗ ಜಗುಲಿಯ ಮೇಲೆ ಕುಳಿತು ತನ್ನ ಮೊಬೈಲಿನಲ್ಲಿ ಹಾಡುಗಳನ್ನು ಹಾಕಿದ. ಹೊರಗೆ ಅಡಕೆಯ ಮರಗಳ ಮೇಲೆ ಮಳೆ ಜಡಿಯುತ್ತಿತ್ತು. ಒಳಗೆ ತುತ್ತೂರಿಗಳ ಮೇಳ, ಅದರ ನಡುವೆ ನುಣುಪಾದ ಒಂದು ಗಂಡುದನಿ. ಹಾಡುಗಾರ ಕೆನಡಾ ದೇಶದ ಮೈಕೇಲ್ ಬೂಬ್ಲೇ. ಆಲ್ಬಂ 2005ರಲ್ಲಿ ಹೊರಬಂದ 'ಇಟ್ಸ್ ಟೈಮ್'. ಹದಿಮೂರು ಹಾಡುಗಳಲ್ಲಿ ಒಂದನ್ನು ಬಿಟ್ಟು ಉಳಿದುವೆಲ್ಲ ಬೇರೆಯವರು ಎಂದೋ ಹಾಡಿ ಹೆಸರು ಮಾಡಿದವು ಎಂದು ಹುಡುಗ ವಿವರಿಸಿದ. ಮನೆಯ ಹಿರಿಯರು ಕವಳದ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಕೇಳಿದರು:

"ಎಲ್ಲಾ ಮತ್ತೊಬ್ಬರ ಹಾಡೇಯನೋ?"

"ಹೌದು, ಅಜ್ಜ."

"ಹಂಗಾರೆ ಇಂವನೂ ಒಬ್ಬ ಭಾಗವತನೇಯ ಬಿಡು, ತಮಾ."

ಸಂಗೀತ ವಿಮರ್ಶೆಯ ಹತ್ತು ಪುಟಗಳು ಹೇಳಲಾರದುದನ್ನು ಅಜ್ಜ ಒಂದು ಮಾತಿನಲ್ಲಿ ಹೇಳಿಬಿಟ್ಟರೆಂದು ನನಗೆ ತೋರಿತು. ಯಕ್ಷಗಾನದ ಪ್ರಸಂಗದಲ್ಲಿ ಪದ್ಯ ಕವಿಯದು, ರಾಗತಾಳಗಳ ಕಟ್ಟು ಪರಂಪರೆಯದು. ಅದೇ ಪದ್ಯವನ್ನು ಕಡತೋಕ ಮಂಜುನಾಥ ಭಾಗವತರು ಹಾಡಿದರು, ನೆಬ್ಬೂರು ನಾರಾಯಣ ಭಾಗವತರೂ ಹಾಡಿದರು. 'ಇದು ಯಾರ ಹಾಡು?' ಎಂದು ಪ್ರೇಕ್ಷಕನು ಕೇಳಲಿಲ್ಲ. 'ಈ ಸಲ ಹೇಗೆ ಎತ್ತಿಕೊಂಡರು?' ಎಂದಷ್ಟೇ ಕೇಳಿದ. ಶಿರಸಿ ಸೀಮೆಯವರಾದ ನೆಬ್ಬೂರರು ಕೆರೆಮನೆ ಮೇಳದಲ್ಲಿ ದಶಕಗಳ ಕಾಲ ಹಾಡಿ 2019ರಲ್ಲಿ ತೀರಿಕೊಂಡರು. ಅವರ ಪದ್ಯವನ್ನು ಕೇಳಲೆಂದೇ ರಾತ್ರಿ ಹತ್ತು ಹರದಾರಿ ನಡೆದು ಬಂದವರು, ಅದೇ ಪದ್ಯವನ್ನು ಹಿಂದಿನ ವಾರ ಬೇರೆಯವರಿಂದ ಕೇಳಿದ್ದವರೇ.

ಅಮೆರಿಕದವರು ಇಂತಹ ಹಾಡುಗಳನ್ನು 'ಸ್ಟ್ಯಾಂಡರ್ಡ್' ಎನ್ನುತ್ತಾರೆ. ಎಲ್ಲರಿಗೂ ಗೊತ್ತಿರುವ, ಯಾರು ಬೇಕಾದರೂ ಎತ್ತಿಕೊಳ್ಳಬಹುದಾದ ಹಾಡು ಎಂದು ಅರ್ಥ. ಬೂಬ್ಲೇ ಹಾಡಿರುವ 'ಎ ಫಾಗಿ ಡೇ' 1937ರಲ್ಲಿ ಒಂದು ಚಿತ್ರಕ್ಕಾಗಿ ಗರ್ಶ್ವಿನ್ ಸೋದರರು ರಚಿಸಿದ್ದು; ಅಣ್ಣನ ಸಾಹಿತ್ಯ, ತಮ್ಮನ ಸಂಗೀತ. ಆ ಕಾಲದ ಕುಣಿತದ ವಾದ್ಯಮೇಳಗಳ ಲಯಕ್ಕೆ 'ಸ್ವಿಂಗ್' ಎಂದು ಹೆಸರು. ಒಂದು ಮಾತ್ರೆಯನ್ನು ಎರಡು ಸಮಪಾಲು ಮಾಡದೆ, ಮೊದಲರ್ಧವನ್ನು ತುಸು ಎಳೆದು ಎರಡನೆಯದನ್ನು ಮೊಟಕುಗೊಳಿಸುವುದರಲ್ಲಿ ಅದರ ಗುಟ್ಟು ಅಡಗಿದೆ. ನಮ್ಮ ಮದ್ದಳೆಗಾರರಿಗೆ ಕೇಳಿಸಿದರೆ ತಿಶ್ರನಡೆಯ ನೆಂಟನೆಂದು ಗುರುತಿಸಿಯಾರು. ಬೀಟಲ್ಸ್ ತಂಡದವರು 1964ರಲ್ಲಿ ಗಿಟಾರಿನ ಗದ್ದಲದಲ್ಲಿ ಹಾಡಿದ 'ಕಾಂಟ್ ಬೈ ಮಿ ಲವ್' ಎಂಬ ಹಾಡನ್ನು ಬೂಬ್ಲೇ ಈ ಲಯಕ್ಕೆ ಬಾಗಿಸಿದ್ದಾನೆ. ಹಾಡು ಅದೇ, ನಡಿಗೆ ಬೇರೆ.

ಇನ್ನು ಈ ನುಣುಪು ದನಿಯ ಮಾತು. ಇಂತಹ ಹಾಡುಗಾರರಿಗೆ ಅಲ್ಲಿ 'ಕ್ರೂನರ್' ಎನ್ನುವರು. ತೊಟ್ಟಿಲ ಬಳಿ ಗುನುಗುವಂತೆ ಹಾಡುವವನು. ಈ ಜಾತಿ ಹುಟ್ಟಿದ್ದು ಮೈಕಿನಿಂದ. 1925ರವರೆಗೆ ಗ್ರಾಮಫೋನು ತಟ್ಟೆಗೆ ಹಾಡುವವರು ದೊಡ್ಡ ಕಹಳೆಯೊಳಕ್ಕೆ ಕೂಗಬೇಕಾಗಿತ್ತು. ಆ ವರ್ಷ ವಿದ್ಯುತ್ ಮೈಕಿನ ಧ್ವನಿಮುದ್ರಣ ಬಂದಿತು. ಬಿಂಗ್ ಕ್ರಾಸ್ಬಿಯಂತಹವರು ಕೂಗುವುದನ್ನು ಬಿಟ್ಟು, ಕಿವಿಯ ಹತ್ತಿರ ಮಾತನಾಡುವವರಂತೆ ಹಾಡತೊಡಗಿದರು. ಇದು ಸಭ್ಯತೆಗೆ ಹೊರಗೆಂದು ಹಲವರಿಗೆ ತೋರಿತು. 1932ರಲ್ಲಿ ಬಾಸ್ಟನ್ ನಗರದ ಕ್ರೈಸ್ತ ಧರ್ಮಗುರು ಕಾರ್ಡಿನಲ್ ಓಕಾನೆಲ್ ಅವರು ಈ ಗುನುಗುವಿಕೆಯನ್ನು ಬಹಿರಂಗವಾಗಿಯೇ ಖಂಡಿಸಿದರು. ಪಿಸುದನಿಯಲ್ಲಿ ಆಡಿದ ಮಾತು ತನ್ನೊಬ್ಬಳಿಗೇ ಎಂದು ಮನೆಯಲ್ಲಿರುವ ಪ್ರತಿಯೊಬ್ಬ ಹೆಂಗಸಿಗೂ ಅನಿಸುವುದೇ ಅಪಾಯವಾಗಿ ಕಂಡಿರಬೇಕು.

ನಮ್ಮಲ್ಲಿ ಈ ಹತ್ತಿರದ ದನಿ ಎರಡು ದಾರಿಗಳಿಂದ ಬಂದಿತು. ಒಂದು, ಉಡುಪಿ ಸೀಮೆಯ ಆರೂರಿನಲ್ಲಿ 1914ರಲ್ಲಿ ಹುಟ್ಟಿದ ಪಿ. ಕಾಳಿಂಗರಾಯರು. ಕವಿಗಳ ಹೊಸಗನ್ನಡ ಕವಿತೆಗಳನ್ನೂ ಜನಪದ ಗೀತೆಗಳನ್ನೂ ಪಾಶ್ಚಾತ್ಯ ವಾದ್ಯಗಳೊಡನೆ ಹಾಡಲು ಅವರು ಅಂಜಲಿಲ್ಲ. ಹುಯಿಲಗೋಳ ನಾರಾಯಣರಾಯರ ನಾಡಗೀತೆಯನ್ನು 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿಯೇ ಹಾಡಿದ್ದರು; ಆದರೂ ಅನಂತರದ ಪೀಳಿಗೆಗಳ ಕಿವಿಯಲ್ಲಿ ನಿಂತದ್ದು ಕಾಳಿಂಗರಾಯರ ಕೊರಳು. ಎರಡನೆಯವರು ಪಿ. ಬಿ. ಶ್ರೀನಿವಾಸ್. 1930ರಲ್ಲಿ ಕಾಕಿನಾಡದಲ್ಲಿ ಹುಟ್ಟಿದ ಈ ತೆಲುಗು ಮನೆತನದವರು ಕನ್ನಡದ ತೆರೆಯ ಮೇಲೆ ರಾಜಕುಮಾರರ ಹಾಡಿನ ದನಿಯಾದರು. ಮೈಕಿಗೆ ಅವರು ಎಂದೂ ಜೋರು ಮಾಡಿದವರಲ್ಲ. ಧಾರವಾಡದ ಆಕಾಶವಾಣಿಯಿಂದ ಅವರ ಹಾಡು ಬಂದರೆ ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ತಾನಾಗಿ ತಗ್ಗುತ್ತಿತ್ತು.

ಯಕ್ಷಗಾನವೂ ಮೈಕಿನ ಪ್ರಭಾವದಿಂದ ಹೊರಗುಳಿಯಲಿಲ್ಲ. ಗ್ಯಾಸ್‌ಲೈಟಿನ ಕಾಲದ ಭಾಗವತನ ದನಿ ಗದ್ದೆಯ ಕೊನೆಯ ಬದುವಿನವರೆಗೆ ತಲುಪಬೇಕಾಗಿತ್ತು. ಆದುದರಿಂದ ಶ್ರುತಿ ಏರು, ಕೊರಳು ತೆರೆದ ಕೊರಳು. ಮೈಕು ಬಂದ ಮೇಲೆ ಇಂಪಿಗೂ ಸೂಕ್ಷ್ಮಕ್ಕೂ ಜಾಗ ದೊರಕಿತು. ಆ ಜಾಗವನ್ನು ತುಂಬಿದವರು ಗುಂಡ್ಮಿಯ ಕಾಳಿಂಗ ನಾವಡರು. (ಘಟ್ಟದ ಕೆಳಗಿನ ಇಬ್ಬರು ಕಾಳಿಂಗರೂ ಘಟ್ಟದ ಮೇಲಿನವರ ಕಿವಿಯನ್ನು ಹೀಗೆ ಗೆದ್ದುಕೊಂಡರೆಂಬುದು ಒಂದು ಸ್ವಾರಸ್ಯ.) 1990ರಲ್ಲಿ, ಮೂವತ್ತರ ಆಸುಪಾಸಿನ ಹರೆಯದಲ್ಲಿ, ಅಪಘಾತದಲ್ಲಿ ಅವರು ತೀರಿಕೊಂಡರು. ಅವರ ಕ್ಯಾಸೆಟ್ಟುಗಳು ಉಳಿದವು. ಅದಕ್ಕಿಂತ ಹೆಚ್ಚಾಗಿ ಅವರ ಅನುಕರಣೆ ಉಳಿಯಿತು. ಒಂದು ಇಡೀ ತಲೆಮಾರಿನ ಹುಡುಗರು ನಾವಡರಂತೆ ಎಳೆದು, ನಾವಡರಂತೆ ತಿರುಗಿಸಿ, ನಾವಡರಂತೆ ನಿಲ್ಲಿಸಲು ಕಲಿತರು. ಸ್ವತಃ ನಾವಡರು ಯಾರಂತೆಯೂ ಹಾಡದೆ ನಾವಡರಾದರು ಎಂಬುದನ್ನು ಮಾತ್ರ ಅವರಲ್ಲಿ ಅನೇಕರು ಕಲಿಯಲಿಲ್ಲ.

ವಿಷಯ ಇಲ್ಲಿಗೆ ಬಂದುದರಿಂದ, ಈಚೆಗೆ ಕಂಡ ಒಂದು ಸಂಗತಿಯನ್ನು ಓದುಗರ ಮುಂದಿಡುತ್ತೇನೆ. ಊರಿನ ಹೆಸರು ಬೇಡ. ಗಣೇಶೋತ್ಸವದ ನಿಮಿತ್ತ ನಡೆದ ಗಾಯನ ಸ್ಪರ್ಧೆ. ಯಲ್ಲಾಪುರದ ಕಡೆಯಿಂದ ಬಂದಿದ್ದ ಹೈಸ್ಕೂಲಿನ ಹುಡುಗಿಯೊಬ್ಬಳು, ಬಾಗಿಲು ತೆರೆಯೆಂದು ಹರಿಯನ್ನು ಬೇಡುವ ಕನಕದಾಸರ ಕೀರ್ತನೆಯನ್ನು ಆರಿಸಿಕೊಂಡಿದ್ದಳು. ಉಳಿದವರೆಲ್ಲ ಕರೋಕೆಯ ಸಂಗೀತವನ್ನು ಹಾಕಿಸಿಕೊಂಡು ಹಾಡಿದರು. ಇವಳು ಬರಿಯ ಶ್ರುತಿ ಇಟ್ಟುಕೊಂಡು, ತನ್ನ ಅಜ್ಜಿ ಕಲಿಸಿದ ಧಾಟಿಯಲ್ಲಿ, ನಿಧಾನವಾಗಿ ಹಾಡಿದಳು. ಮಧ್ಯೆ ಒಂದೆಡೆ ಉಸಿರಿಗಾಗಿ ನಿಂತಳು; ಆ ನಿಲುಗಡೆಯಲ್ಲಿ ಸಭೆಯೂ ಉಸಿರು ಹಿಡಿದಿತ್ತು. ತೀರ್ಪುಗಾರರು ಅವಳಿಗೆ ಬಹುಮಾನ ಕೊಡಲಿಲ್ಲ. 'ದನಿ ಒಳ್ಳೆಯದು, ಆದರೆ ಮೂಲದಂತೆ ಹಾಡಲಿಲ್ಲ' ಎಂದು ಅವರ ಸಮಾಧಾನ.

ಮೂಲವೆಂದರೆ ಯಾವುದು? 1960ರ 'ಭಕ್ತ ಕನಕದಾಸ' ಚಿತ್ರದಲ್ಲಿ ಪಿ. ಬಿ. ಶ್ರೀನಿವಾಸ್ ಹಾಡಿದ್ದು. ಅದು ಚೆನ್ನಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆ ದೈನ್ಯ, ಆ ಸಂಯಮ ಇನ್ನೊಬ್ಬರಿಗೆ ಸುಲಭವಲ್ಲ. ಆದರೆ ಕನಕದಾಸರು ಹದಿನಾರನೆಯ ಶತಮಾನದವರು. ಶ್ರೀನಿವಾಸರು ಹಾಡಿದ್ದೂ ಮತ್ತೊಬ್ಬರ ಹಾಡನ್ನೇ ತಾನೆ? ಅವರು ಅಂದು ತಮ್ಮ ರೀತಿಯಲ್ಲಿ ಹಾಡಿದ್ದರಿಂದಲೇ ನಾವು ಇಂದು ಅವರನ್ನು ನೆನೆಯುತ್ತೇವೆ. ಹುಡುಗಿಯ ಅಜ್ಜಿಗೆ ಆ ಧಾಟಿ ಬಂದುದು ಚಿತ್ರ ನೋಡಿ ಅಲ್ಲ, ಅವಳ ತಾಯಿಯಿಂದ. ಆ ಮಗು ಅಂದು ಬರಿಗೈಯಲ್ಲಿ ಹಿಂದಿರುಗಿತು. ಮನೆಯವರು ಮುಂದಿನ ವರ್ಷಕ್ಕೆ ಮೊಬೈಲಿನಲ್ಲಿ ಕರೋಕೆ ಹುಡುಕಿಕೊಡುವ ಮಾತಾಡಿದ್ದು ನನ್ನ ಕಿವಿಗೆ ಬಿತ್ತು. ಅಜ್ಜಿಯ ಧಾಟಿ ಅಲ್ಲಿಗೆ ಮುಗಿದ ಹಾಗೆ.

ಕರೋಕೆಯನ್ನು ನಾನು ಪೂರ್ತಿ ಹಳಿಯಲಾರೆ. ವಾದ್ಯಗಾರರನ್ನು ಕರೆಸುವ ಶಕ್ತಿಯಿಲ್ಲದ ಊರಿಗೆ ಅದು ದೊಡ್ಡ ಉಪಕಾರ. ಬೇಕಾದರೆ ಶ್ರುತಿಯನ್ನು ಏರಿಳಿಸುವ ಅನುಕೂಲವೂ ಈಗ ಉಂಟು. ಆದರೆ ಅದರಲ್ಲಿ ಹಾಡಿನ ವೇಗ ಮೊದಲೇ ನಿಶ್ಚಿತ, ಚರಣಗಳ ನಡುವಿನ ವಾದ್ಯದ ಅಳತೆ ನಿಶ್ಚಿತ, ಎಲ್ಲಿ ಉಸಿರೆಳೆಯಬೇಕೆಂಬುದೂ ಬಹುಮಟ್ಟಿಗೆ ನಿಶ್ಚಿತ. ಹಾಡುವವನು ಒಂದು ಮಾತಿನ ಮೇಲೆ ಮನಸೋತು ಅರೆಕ್ಷಣ ನಿಂತರೆ ಸಂಗೀತ ಅವನನ್ನು ಬಿಟ್ಟು ಮುಂದೆ ಹೊರಟುಬಿಡುತ್ತದೆ. ಭಾಗವತನು ನಿಂತರೆ ಮದ್ದಳೆ ನಿಲ್ಲುತ್ತದೆ. ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ಆರ್ಕೆಸ್ಟ್ರಾಗಳು ಬಹಳ ಹಿಂದೆಯೇ 'ಜೂನಿಯರ್ ರಾಜಕುಮಾರ್' ಎಂದು ಹಣೆಪಟ್ಟಿ ಹಚ್ಚಿ ಹುಡುಗರನ್ನು ವೇದಿಕೆಗೆ ಹತ್ತಿಸುತ್ತಿದ್ದವು. ಈಗ ಆ ಕೆಲಸವನ್ನು ಯಂತ್ರ ಹಣೆಪಟ್ಟಿಯಿಲ್ಲದೆ ಮಾಡುತ್ತಿದೆ, ಅಷ್ಟೇ.

ಬೂಬ್ಲೇಯ ಆಲ್ಬಂ ನನಗೆ ಪ್ರಿಯವಾದುದು ಈ ಕಾರಣದಿಂದ. ಹಾಗೆಂದು ಅದು ದೋಷವಿಲ್ಲದ್ದೆಂದು ಹೇಳುತ್ತಿಲ್ಲ. ವಾದ್ಯಮೇಳದ ಹೊಳಪು ಕೆಲವೆಡೆ ಅತಿಯಾಗಿದೆ. ಮದುವೆಮನೆಯ ಸೀರೆಯಂತೆ ಕಣ್ಣು ಕುಕ್ಕುತ್ತದೆ. ಕೋಲ್ ಪೋರ್ಟರ್ 1936ರಲ್ಲಿ ರಚಿಸಿದ 'ಐ ಹ್ಯಾವ್ ಗಾಟ್ ಯು ಅಂಡರ್ ಮೈ ಸ್ಕಿನ್' ಎಂಬ ಹಾಡನ್ನು ಫ್ರಾಂಕ್ ಸಿನಾತ್ರಾ 1956ರಲ್ಲಿ ಹಾಡಿ ತನ್ನ ಸ್ವತ್ತು ಮಾಡಿಕೊಂಡಿದ್ದ. ಇವನು ಅದನ್ನು ಹಾಡುವಾಗ ಸಿನಾತ್ರಾನ ನೆರಳು ಬಿಟ್ಟುಹೋಗುವುದಿಲ್ಲ. ಆಲ್ಬಂನಲ್ಲಿ ನನಗೆ ಅತ್ಯಂತ ಸಪ್ಪೆ ಎನಿಸಿದ್ದು ಅದೇ. ಹೆಚ್ಚು ಹಿಡಿಸಿದ್ದು 'ಹೋಮ್'. ಹದಿಮೂರರಲ್ಲಿ ಅವನದೇ ಎನ್ನಬಹುದಾದ ಒಂದೇ ಹಾಡು ಅದು. ಇನ್ನಿಬ್ಬರೊಡನೆ ಕೂಡಿ ಅವನು ರಚಿಸಿದ್ದು. ದೂರದ ನಗರಗಳಲ್ಲಿ ಅಲೆಯುವವನು ಮನೆಗೆ ಹೋಗಬೇಕೆನ್ನುವ ಹಂಬಲ ಅದರ ವಸ್ತು. ತುತ್ತೂರಿಗಳ ಅಬ್ಬರ ಅಲ್ಲಿ ತಗ್ಗಿದೆ. ಜಗುಲಿಯ ಮೇಲೆ ಆ ಹಾಡು ಮುಗಿದಾಗ, ಮಾರನೆಯ ದಿನ ಬೆಂಗಳೂರಿಗೆ ಹೊರಡಬೇಕಾಗಿದ್ದ ಹುಡುಗ ಮೊಬೈಲನ್ನು ಮಗುಚಿ ಇಟ್ಟ. ಅಜ್ಜನಿಗೆ ಇಂಗ್ಲಿಷ್ ತಿಳಿಯದು. "ಇದು ಚೊಲೋ ಇದ್ದು," ಎಂದಷ್ಟೇ ಹೇಳಿ, ಅವರು ಒಳಗೆ ಎದ್ದುಹೋದರು. ಆ ಮನೆಯಲ್ಲಿ ಈಗ ಉಳಿದಿರುವವರು ಇಬ್ಬರೇ ವೃದ್ಧರು.

ಈ ಬೂಬ್ಲೇ 1975ರಲ್ಲಿ ಒಬ್ಬ ಮೀನುಗಾರನ ಮಗನಾಗಿ ಹುಟ್ಟಿದವನು. ಹರೆಯದಲ್ಲಿ ಬೇಸಗೆಯೆಲ್ಲ ತಂದೆಯ ದೋಣಿಯಲ್ಲಿ ದುಡಿದವನು. ಹಳೆಯ ಹಾಡುಗಳ ಹುಚ್ಚು ಹಿಡಿಸಿದ್ದು ತಾಯಿಯ ತಂದೆ. ಇಟಲಿ ಮೂಲದ ಈ ಅಜ್ಜ ಕೊಳಾಯಿ ರಿಪೇರಿಯ ಕೆಲಸದವನು. ಊರಿನ ವಾದ್ಯಗಾರರ ಬಳಿ ಹೋಗಿ, ನನ್ನ ಮೊಮ್ಮಗನಿಗೆ ನಿಮ್ಮ ವೇದಿಕೆಯಲ್ಲಿ ಒಂದೆರಡು ಹಾಡು ಹಾಡಲು ಬಿಡಿ, ನಿಮ್ಮ ಮನೆಯ ಕೊಳಾಯಿಯನ್ನು ಪುಕ್ಕಟೆ ಸರಿಮಾಡಿಕೊಡುತ್ತೇನೆ ಎಂದು ಒಪ್ಪಂದ ಮಾಡಿಕೊಳ್ಳುತ್ತಿದ್ದನಂತೆ. ಹುಡುಗನಿಗೆ ದೊರಕಿದ್ದು ಜೀವವುಳ್ಳ ವಾದ್ಯಗಾರರ ಸಂಗಡ ಹಾಡುವ ಅವಕಾಶ. ನಿಂತರೆ ಕಾಯುವ, ಓಡಿದರೆ ಹಿಂಬಾಲಿಸುವ ವಾದ್ಯಗಾರರು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೀಮೆಯಲ್ಲಿ ಹಾರ್ಮೋನಿಯಂ ಬಲ್ಲವರಿಗೆ, ತಬಲಾ ಬಲ್ಲವರಿಗೆ ಇನ್ನೂ ಬರಗಾಲ ಬಂದಿಲ್ಲ. ಹಳ್ಳಿಗೊಬ್ಬ ಮದ್ದಳೆಗಾರನಾದರೂ ಸಿಕ್ಕಿಯೇ ಸಿಗುತ್ತಾನೆ. ಉತ್ಸವ ಸಮಿತಿಯವರು ಧ್ವನಿವರ್ಧಕಕ್ಕೂ ಬಣ್ಣದ ದೀಪಗಳಿಗೂ ಕೊಡುವ ಹಣದಲ್ಲಿ ಒಂದು ಪಾಲನ್ನು ತೆಗೆದಿರಿಸಿ, ಇಬ್ಬರು ವಾದ್ಯಗಾರರನ್ನು ಒಂದು ಸಂಜೆ ಕೂರಿಸಿದರೆ ಸಾಕು. ತೀರ್ಪಿನ ಹಾಳೆಯಲ್ಲಿ 'ಮೂಲಕ್ಕೆ ನಿಷ್ಠೆ' ಎಂಬ ಅಂಕಣವಿದ್ದರೆ ಅದನ್ನು ಹೊಡೆದುಹಾಕಲಿ. ಯಲ್ಲಾಪುರದ ಆ ಹುಡುಗಿ ಬರುವ ವರ್ಷ ಹತ್ತನೆಯ ತರಗತಿಯಲ್ಲಿರುತ್ತಾಳೆ; ಪರೀಕ್ಷೆಯ ನೆವದಲ್ಲಿ ಮನೆಯವರು ಹಾಡನ್ನು ನಿಲ್ಲಿಸುವ ಮೊದಲು ಅವಳಿಗೆ ಉಳಿದಿರುವುದು ಒಂದೇ ಗಣೇಶ ಚೌತಿ.